ಕೊನೆಯ ಬಿಗಿತ ನೆಲದ ಮೇಲೆಯೇ ಆಗಲಿ

ಕಳೆದ ಚಳಿಗಾಲದ ಒಂದು ಶುಕ್ರವಾರ, ಅಸರ್ ನಮಾಜಿನ ನಂತರ, ಜುಬೈಲಿನ ‘ಸನಾಯ್ಯಾ’ದ ಒಂದು ಗ್ಯಾರೇಜಿನಲ್ಲಿ ನನ್ನ ಹಳೆಯ ಲ್ಯಾಂಡ್ ಕ್ರೂಸರಿನ ಹಿಂಬದಿಯ ಆಕ್ಸಲಿನ ಬಳಿ ಮಂಡಿಯೂರಿ ಕುಳಿತಿದ್ದೆ. ಗಾಡಿ ನಾಲ್ಕು ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಗಾಲಿಗಳನ್ನು ಕಳಚಿ ಗೋಡೆಗೆ ಒರಗಿಸಿದ್ದೆವು. ಹಿಂದಿನ ಎರಡೂ ಲೀಫ್ ಸ್ಪ್ರಿಂಗ್‌ಗಳು, ಅವುಗಳ ರಬ್ಬರ್ ಬುಶ್‌ಗಳು, ಪಿನ್ನುಗಳು, ಯು-ಬೋಲ್ಟುಗಳು, ಶಾಕ್ ಅಬ್ಸಾರ್ಬರುಗಳು ಎಲ್ಲವೂ ಹೊಸವು. ಜೋಡಣೆ ಮುಗಿದಿತ್ತು, ಉಳಿದದ್ದು ನಟ್ಟುಗಳನ್ನು ಬಿಗಿಯುವ ಕೆಲಸ ಮಾತ್ರ. ಕೈಗೆ ಚೆನ್ನಾಗಿ ಎಟಕುತ್ತಿದೆ, ಬೆಳಕೂ ಇದೆ, ಮುಗಿಸಿಯೇ ಬಿಡೋಣವೆಂದು ಟಾರ್ಕ್ ರೆಂಚನ್ನು ಎತ್ತಿಕೊಂಡೆ. ಅಷ್ಟರಲ್ಲಿ ಕಾಕ ನನ್ನ ಕೈ ಹಿಡಿದರು.

‘ಬೇಡ ಡಾಕ್ಟ್ರೇ. ಈಗ ಕೈ ಬಿಗಿ ಸಾಕು. ಗಾಲಿ ನೆಲಕ್ಕೆ ಬರಲಿ, ಗಾಡಿಯ ಭಾರ ಪ್ಲೇಟಿನ ಮೇಲೆ ಕೂರಲಿ. ಕೊನೆಯ ಬಿಗಿ ಆಮೇಲೆ.’

ಈ ಲೇಖನ ಆ ಒಂದು ಮಾತಿನ ಕುರಿತಾದದ್ದು. ಹಳೆಯ ಕಾರುಗಳ ಹುಚ್ಚು ಇಲ್ಲದ ಓದುಗರೂ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ. ಏಕೆಂದರೆ ಅಂದು ಗ್ಯಾರೇಜಿನಲ್ಲಿ ನಾನು ಮಾಡಲಿದ್ದ ತಪ್ಪನ್ನು, ಅದಕ್ಕೆ ಕೆಲವು ವರ್ಷಗಳ ಹಿಂದೆಯೇ, ಕಾರಿಗಿಂತ ಬಹಳ ಬೆಲೆಬಾಳುವ ಕಡೆಯಲ್ಲಿ ಮಾಡಿದ್ದೆ. ಹೊರದೇಶದಲ್ಲಿರುವ ನಮ್ಮಲ್ಲಿ ಅನೇಕರು ಅದನ್ನು ಈಗಲೂ ಮಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಸನಾಯ್ಯಾ ಎಂದರೆ ಕೈಗಾರಿಕಾ ಪ್ರದೇಶ. ಸೌದಿ ಅರೇಬಿಯಾದ ಪ್ರತಿಯೊಂದು ಊರಿನ ಅಂಚಿನಲ್ಲೂ ಒಂದು ಸನಾಯ್ಯಾ ಇರುತ್ತದೆ. ಸಾಲು ಸಾಲು ಗ್ಯಾರೇಜುಗಳು, ಬಿಡಿಭಾಗದ ಅಂಗಡಿಗಳು, ಚಹದ ಗೂಡುಗಳು. ಊರಾಚೆ ಇನ್ನಷ್ಟು ಮುಂದೆ ಹೋದರೆ ‘ತಶ್ಲೀಹ್’ ಎಂದು ಕರೆಯುವ ಗುಜರಿ ಅಂಗಳಗಳು. ಅಲ್ಲಿ ಯೆಮೆನಿನವರು, ಪಾಕಿಸ್ತಾನಿಗಳು, ಫಿಲಿಪ್ಪೀನ್ಸಿನವರು, ಮಲಯಾಳಿಗಳು, ನಮ್ಮ ಕರಾವಳಿಯವರು ಒಂದೇ ಎಣ್ಣೆಯ ಮಸಿಯಲ್ಲಿ ಕೈ ಅದ್ದಿಕೊಂಡು ದುಡಿಯುತ್ತಾರೆ. ನಾನು ಕಾಕ ಎಂದು ಕರೆಯುವ ಈ ಹಿರಿಯರು ಬಂಟ್ವಾಳ ತಾಲೂಕಿನವರು. ಬ್ಯಾರಿ, ತುಳು, ಕನ್ನಡ, ಉರ್ದು, ಅರಬ್ಬಿ ಐದೂ ಭಾಷೆಗಳಲ್ಲಿ ಗಿರಾಕಿಗಳನ್ನು ಗದರಿಸಬಲ್ಲರು. ನಮ್ಮ ಊರಿನಲ್ಲಿ ಉಸ್ತಾದ್ ಎಂದರೆ ಮದರಸದಲ್ಲಿ ಪಾಠ ಹೇಳುವವರು. ಸನಾಯ್ಯಾದಲ್ಲಿ ಉಸ್ತಾದ್ ಎಂದರೆ ಪಳಗಿದ ಮೆಕ್ಯಾನಿಕ್. ಕಾಕ ಎರಡನೆಯ ಅರ್ಥದ ಉಸ್ತಾದರು. ಆದರೆ ಆ ಸಂಜೆ ನನಗೆ ಮೊದಲನೆಯ ಅರ್ಥದಲ್ಲೂ ಉಸ್ತಾದರಾದರು.

ಗಾಡಿಯ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಟೊಯೋಟಾ ವಾಹನಗಳು 1955ರಿಂದ ಈ ದೇಶದಲ್ಲಿ ಮಾರಾಟವಾಗುತ್ತಿವೆ. ಮರಳು, ಬಿಸಿಲು, ದೂರ ಈ ಮೂರನ್ನೂ ತಾಳಿಕೊಂಡ ಲ್ಯಾಂಡ್ ಕ್ರೂಸರಿನ ಬಗ್ಗೆ ಇಲ್ಲಿನವರಿಗಿರುವ ಮಮತೆ, ನಮ್ಮವರಿಗೆ ಅಂಬಾಸಿಡರಿನ ಬಗ್ಗೆ ಇದ್ದಂಥದ್ದು. ನನ್ನದು 60 ಸರಣಿಯದು, 1986ರ ಮಾದರಿ. 1980ರಲ್ಲಿ ಬಂದ ಈ ಸರಣಿಯಲ್ಲಿ ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್‌ಗಳೇ. ಸುರುಳಿ ಸ್ಪ್ರಿಂಗ್ ಬಂದದ್ದು 1990ರ 80 ಸರಣಿಯಲ್ಲಿ. ಅಲ್ ಅಹ್ಸಾ ಓಯಸಿಸಿನ ಖರ್ಜೂರದ ತೋಟದ ಮಾಲೀಕರೊಬ್ಬರಿಂದ ಅದನ್ನು ಕೊಂಡೆ. ಸಮುದ್ರದಿಂದ ದೂರವಿದ್ದುದರಿಂದ ತಗಡು ತುಕ್ಕು ಹಿಡಿದಿರಲಿಲ್ಲ. ಜುಬೈಲಿನ ಉಪ್ಪುಗಾಳಿ, ಉಪ್ಪುನೆಲ ಗಾಡಿಯ ಕೆಳಭಾಗವನ್ನು ಹೇಗೆ ತಿನ್ನುತ್ತವೆ ಎಂಬುದು ಮಂಗಳೂರು, ಉಡುಪಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಣ ಬಿಸಿಲು ರಬ್ಬರನ್ನು ಬಿಡುವುದಿಲ್ಲ. ಅದರ ರಬ್ಬರ್ ಭಾಗಗಳೆಲ್ಲ ಬೇಸಿಗೆಯ ಗದ್ದೆಯಂತೆ ಬಿರುಕುಬಿಟ್ಟಿದ್ದವು. ದಶಕಗಳ ಕಾಲ ಖರ್ಜೂರದ ಪೆಟ್ಟಿಗೆಗಳನ್ನು ಹೊತ್ತು ಹಿಂಬದಿ ಕುಸಿದಿತ್ತು. ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಎಡಬದಿ ಬಲಬದಿಗಿಂತ ಮೂರೂವರೆ ಸೆಂಟಿಮೀಟರ್ ತಗ್ಗು.

ಆ ಕುಸಿದ ಹಿಂಬದಿಯನ್ನು ಕಂಡೇ ನಾನು ಗಾಡಿಯನ್ನು ಕೊಂಡದ್ದು. ಕಾರಣ ಹೇಳಲು ಪುತ್ತೂರಿಗೆ ಹೋಗಬೇಕು.

ನನ್ನ ತಂದೆ ಅಡಿಕೆ ಕೃಷಿಕರು. 1981ರಲ್ಲಿ ಅವರು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡರು. 1974ರ ಮಾದರಿ, ಫಿಯಟ್ 1100ಕ್ಕೆ ‘ಪದ್ಮಿನಿ’ ಎಂಬ ಹೆಸರು ಬಂದದ್ದೇ ಆ ವರ್ಷ. ಅದರ ಹಿಂಬದಿಯಲ್ಲೂ ಲೀಫ್ ಸ್ಪ್ರಿಂಗ್. ನಾವು ಮೂವರು ಮಕ್ಕಳು, ಅಮ್ಮ, ಅಜ್ಜಿ, ಡಿಕ್ಕಿಯಲ್ಲಿ ಅಡಿಕೆಯ ಗೋಣಿ. ಸಂಪಾಜೆ ಘಾಟಿ ಹತ್ತುವಾಗ ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಎರಡು ವರ್ಷಕ್ಕೊಮ್ಮೆ ತಂದೆ ಪ್ಲೇಟುಗಳನ್ನು ಬಿಚ್ಚಿಸಿ, ಸುತ್ತಿಗೆಯ ಪೆಟ್ಟಿನಿಂದ ಮತ್ತೆ ಕಮಾನು ಕೊಡಿಸಿ ತರುತ್ತಿದ್ದರು. ತುಂಡಾದ ಪ್ಲೇಟನ್ನೂ ಎಸೆಯುತ್ತಿರಲಿಲ್ಲ. ಅದು ಆಚಾರಿಯ ಕುಲುಮೆಗೆ ಹೋಗಿ ಕತ್ತಿಯಾಗಿ ತೋಟಕ್ಕೆ ಮರಳುತ್ತಿತ್ತು. ಆ ಉಕ್ಕಿನ ಗುಣ ಹಳ್ಳಿಯ ಕಮ್ಮಾರನಿಗೆ ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಗೊತ್ತಿತ್ತು.

ತಂದೆ ತೀರಿಕೊಂಡದ್ದು 2016ರಲ್ಲಿ. ಮರುವರ್ಷ, ಜುಬೈಲಿನ ನನ್ನ ಮನೆಯ ಸೋಫಾದಲ್ಲಿ ಕುಳಿತು, ಒಂದು ಫೋನ್ ಕರೆಯಲ್ಲಿ ಆ ಕಾರನ್ನು ಗುಜರಿಗೆ ಮಾರಿಸಿದೆ. ಕೊಟ್ಟಿಗೆಯಲ್ಲಿ ಸುಮ್ಮನೆ ಜಾಗ ತಿನ್ನುತ್ತಿದೆ ಎಂಬುದು ನನ್ನ ವಾದವಾಗಿತ್ತು. ಐವತ್ತು ವರ್ಷ ಮೀರಿದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಭಾರತ ಸರ್ಕಾರ 2021ರಲ್ಲಿ ತಂದಿತು. ಚಾಸಿ, ಬಾಡಿ, ಎಂಜಿನ್‌ಗಳನ್ನು ಮಾರ್ಪಡಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡಿರಬೇಕೆಂಬುದು ಅದರ ಷರತ್ತು. ತಂದೆಯ ಕಾರು ಇದ್ದಿದ್ದರೆ 2024ಕ್ಕೆ ಅದಕ್ಕೆ ಐವತ್ತು ತುಂಬುತ್ತಿತ್ತು. ಅಲ್ ಅಹ್ಸಾದ ತೋಟದ ಮೂಲೆಯಲ್ಲಿ ಹಿಂಬದಿ ಕುಸಿದು ನಿಂತಿದ್ದ ಗಾಡಿಯನ್ನು ಕಂಡಾಗ ನನಗೆ ಏನು ನೆನಪಾಯಿತೆಂಬುದನ್ನು ಓದುಗರು ಊಹಿಸಬಹುದು.

ಇನ್ನು ಕೆಲಸದ ವಿಷಯ. ಹಳೆಯ ಕಾರನ್ನು ಪುನರುಜ್ಜೀವನಗೊಳಿಸುವವರಲ್ಲಿ ಹೆಚ್ಚಿನವರು ಮೊದಲು ದುಡ್ಡು ಹಾಕುವುದು ಬಣ್ಣಕ್ಕೆ, ಕ್ರೋಮಿಗೆ, ಸೀಟಿನ ಹೊದಿಕೆಗೆ. ನಾನೂ ಅದನ್ನೇ ಮಾಡಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳ ಮುಂದೆ ನಿಂತ ಜನರನ್ನು ಗಮನಿಸಿ. ದೀಪ, ಬಾನೆಟ್, ಸ್ಟಿಯರಿಂಗ್ ನೋಡಿ ಬೆರಗಾಗುತ್ತಾರೆ. ಬಗ್ಗಿ ಹಿಂದಿನ ಆಕ್ಸಲನ್ನು ನೋಡುವವರು ಅಪರೂಪ. ಆದರೆ ಗಾಡಿಯ ಹೊರೆಯೆಲ್ಲ ಅಲ್ಲಿದೆ. ಕುಟುಂಬ ಕೂರುವುದು, ಸಾಮಾನು ತುಂಬುವುದು, ಗಾಡಿಯನ್ನು ಮುಂದಕ್ಕೆ ತಳ್ಳುವ ಬಲ ಚಾಸಿಗೆ ದಾಟುವುದು ಎಲ್ಲವೂ ಹಿಂದಿನ ಸ್ಪ್ರಿಂಗ್‌ಗಳ ಮೂಲಕ.

ಲೀಫ್ ಸ್ಪ್ರಿಂಗ್ ಬಹಳ ಹಳೆಯ ವಿದ್ಯೆ. ನಮ್ಮ ಜಟಕಾ ಗಾಡಿಗಳ ಕೆಳಗೂ ಇತ್ತು. ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಒಂದು ಬೋಲ್ಟಿನಿಂದ ಕಟ್ಟಿರುತ್ತಾರೆ. ಅತಿ ಉದ್ದದ ಪಟ್ಟಿಯ ಎರಡು ತುದಿಗಳು ಕಿವಿಯ ಬಳೆಯಂತೆ ಸುರುಳಿಯಾಗಿರುತ್ತವೆ. ಮುಂದಿನ ತುದಿ ಚಾಸಿಗೆ ಒಂದು ಪಿನ್ನಿನ ಮೂಲಕ ಸೇರುತ್ತದೆ. ಹಿಂದಿನ ತುದಿ ಸೇರುವುದು ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ. ಏಕೆಂದರೆ ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕು. ಈ ಬಳೆಗಳ ಒಳಗೆ ಕೂರುವುದೇ ರಬ್ಬರ್ ಬುಶ್. ಕೈಬೆರಳಿನಷ್ಟು ಉದ್ದದ, ಕೆಲವೇ ರಿಯಾಲ್ ಬೆಲೆಯ ವಸ್ತು.

ಬದಲಿಸುವಾಗ ಕೆಲವು ನಿಯಮಗಳಿವೆ. ಸ್ಪ್ರಿಂಗನ್ನು ಎರಡೂ ಬದಿಗೆ ಒಟ್ಟಿಗೇ ಹಾಕಬೇಕು. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ದಣಿದ ಹಳೆಯದು ಎಂದರೆ ಗಾಡಿ ಓರೆಯಾಗುತ್ತದೆ. ಹಳೆಯ ಯು-ಬೋಲ್ಟುಗಳನ್ನು ಮರಳಿ ಬಳಸಬಾರದು. ಒಮ್ಮೆ ಬಿಗಿದಾಗಲೇ ಅವು ಎಳೆದುಕೊಂಡಿರುತ್ತವೆ. ನಡುವಿನ ಬೋಲ್ಟಿನ ತಲೆ ಆಕ್ಸಲಿನ ಮೇಲಿನ ಕುಳಿಯಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ನೋಡಬೇಕು; ಇಲ್ಲವಾದರೆ ಆಕ್ಸಲ್ ವಾರೆಯಾಗಿ ಗಾಡಿ ಏಡಿಯಂತೆ ಓಡುತ್ತದೆ. ಸ್ಪ್ರಿಂಗಿನ ಉಕ್ಕಿಗೆ ಗ್ಯಾಸ್ ಬೆಂಕಿ ತಾಗಿಸಬಾರದು. ಹದಗೊಳಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ವೈದ್ಯನಾಗಿ ನಾನು ಸೇರಿಸುವ ನಿಯಮ ಒಂದೇ: ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು, ಐದು ನಿಮಿಷಕ್ಕೂ ಬೇಡ. ಜಾಕ್ ಜಾರಿ ಎದೆ ಜಜ್ಜಿಹೋದವರನ್ನು ತುರ್ತು ವಿಭಾಗದಲ್ಲಿ ಕಂಡವನು ನಾನು.

ಎಲ್ಲಕ್ಕಿಂತ ಸುಲಭವಾಗಿ ಜನ ಮರೆಯುವ ನಿಯಮ ಕೊನೆಯದು. ಬುಶ್ ಇರುವ ಪಿನ್ನುಗಳ ನಟ್ಟನ್ನು ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಏಕೆಂದರೆ ಗಾಡಿ ಮೇಲಿರುವಾಗ ಆಕ್ಸಲ್ ಜೋತುಬಿದ್ದು ಸ್ಪ್ರಿಂಗ್ ತನ್ನ ಪೂರ್ಣ ಕಮಾನಿನಲ್ಲಿರುತ್ತದೆ. ಆ ಭಂಗಿಯಲ್ಲಿ ನಟ್ಟು ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಹಿಡಿದುಕೊಳ್ಳುತ್ತದೆ. ಆಮೇಲೆ ಗಾಡಿ ನೆಲಕ್ಕಿಳಿದು ಕಮಾನು ತಗ್ಗಿದಾಗ, ಹಿಡಿದುಕೊಂಡ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಸುಮ್ಮನೆ ನಿಂತಿದ್ದಾಗಲೂ ಅದಕ್ಕೆ ವಿಶ್ರಾಂತಿಯಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಇನ್ನಷ್ಟು ತಿರುಚು. ಕೆಲವು ತಿಂಗಳಲ್ಲಿ ಹರಿಯುತ್ತದೆ. ಆದುದರಿಂದಲೇ ಮೊದಲು ಕೈಯಿಂದ ನಟ್ಟು ಕೂರಿಸಬೇಕು, ಗಾಲಿ ಹಾಕಿ ಇಳಿಸಬೇಕು, ಗಾಡಿಯ ಹಿಂಬದಿಯನ್ನು ಒತ್ತಿ ಒತ್ತಿ ಕುಲುಕಬೇಕು, ಎಲ್ಲ ಭಾಗಗಳೂ ತಮ್ಮ ತಮ್ಮ ಜಾಗದಲ್ಲಿ ಕುಳಿತ ಮೇಲೆ ಕೊನೆಯ ಬಿಗಿತ ಕೊಡಬೇಕು. ನಿಯಮ ಅಲ್ಲಿಗೂ ಮುಗಿಯುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಇದು ನನಗೆ ಮೊದಲೇ ತಿಳಿದಿದ್ದರೆ ಒಂದು ಖರ್ಚು ಉಳಿಯುತ್ತಿತ್ತು. ಕಾಕನ ಬಳಿ ಬರುವ ಮೊದಲು ಬೇರೊಂದು ಊರಿನ ಗ್ಯಾರೇಜಿನಲ್ಲಿ ಇದೇ ಕೆಲಸ ಮಾಡಿಸಿದ್ದೆ. ಕೆಲಸ ಅಚ್ಚುಕಟ್ಟಾಗಿ ಕಂಡಿತು; ಎಲ್ಲವನ್ನೂ ಲಿಫ್ಟಿನ ಮೇಲೆಯೇ ಬಿಗಿದು ಗಾಡಿ ಒಪ್ಪಿಸಿದರು. ಎಂಟು ತಿಂಗಳಲ್ಲಿ ಹಿಂದಿನಿಂದ ಕಿರ್ರ್ ಎಂಬ ಸದ್ದು, ಮತ್ತೆ ಎಡಬದಿ ತಗ್ಗು. ಕಾಕ ಬಿಚ್ಚಿ ತೋರಿಸಿದಾಗ ಬುಶ್‌ಗಳು ಒಂದೇ ದಿಕ್ಕಿಗೆ ಹರಿದಿದ್ದವು. ಹಿಂಡಿದ ಬಟ್ಟೆಯಂತೆ ತಿರುಚಿದ ಗುರುತು ಸ್ಪಷ್ಟವಾಗಿತ್ತು. ಪ್ಲೇಟುಗಳೂ ನಕಲಿ ಮಾಲು, ಆಗಲೇ ಕಮಾನು ಕಳೆದುಕೊಂಡಿದ್ದವು. ‘ರಬ್ಬರು ಮಾತ್ರ ಒಳ್ಳೆಯದೇ ಡಾಕ್ಟ್ರೇ,’ ಎಂದರು ಕಾಕ. ‘ಬಿಗಿದ ಜಾಗ ತಪ್ಪು.’

ಆ ಮಾತು ನನ್ನನ್ನು ಚುಚ್ಚಿತು. ಪುತ್ತೂರಿನ ಮನೆಯ ನೆಲದ ಬಗ್ಗೆಯೂ ಅದೇ ಮಾತನ್ನು ಹೇಳಬಹುದಿತ್ತು.

2019ರಲ್ಲಿ, ತಂದೆಯಿಲ್ಲದ ಮನೆಯಲ್ಲಿ ಒಬ್ಬರೇ ಇದ್ದ ಅಮ್ಮನಿಗಾಗಿ ನಾನು ಮನೆಯನ್ನು ನವೀಕರಿಸಲು ಹೊರಟೆ. ಉದ್ದೇಶ ಒಳ್ಳೆಯದೇ. ತಂದೆಯ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕುಬಿಟ್ಟಿತ್ತು. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ದೊಡ್ಡ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆ. ಬಣ್ಣ ಆರಿಸಿದ್ದು ವಾಟ್ಸ್ಆ್ಯಪ್‌ನಲ್ಲಿ, ಮೇಸ್ತ್ರಿಯೊಂದಿಗೆ ಮಾತಾಡಿದ್ದು ವಿಡಿಯೊ ಕರೆಯಲ್ಲಿ, ಹಣ ಕಳಿಸಿದ್ದು ಆನ್‌ಲೈನಿನಲ್ಲಿ. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯವರೆಗೂ ಒಂದೇ ಹೊಳಪು. ಪ್ರತಿಯೊಂದು ಹಂತದಲ್ಲೂ ಅಮ್ಮನಿಗೆ ಫೋನಿನಲ್ಲಿ ತೋರಿಸಿ ‘ಹೇಗುಂಟು?’ ಎಂದು ಕೇಳುತ್ತಿದ್ದೆ. ‘ಚಂದ ಉಂಟು,’ ಎನ್ನುತ್ತಿದ್ದರು.

2020ರ ಜೂನ್‌, ಮಳೆ ಹಿಡಿದ ಒಂದು ಮುಂಜಾನೆ, ಬಚ್ಚಲಿನಿಂದ ಒದ್ದೆ ಕಾಲಿನಲ್ಲಿ ಬರುತ್ತಿದ್ದ ಅಮ್ಮ ಆ ಓಣಿಯಲ್ಲಿ ಜಾರಿಬಿದ್ದರು. ಎಡ ಸೊಂಟದ ಮೂಳೆ ಮುರಿಯಿತು. ಅದು ಕೋವಿಡ್ ಕಾಲ. ಸೌದಿಯಿಂದ ಸಾಮಾನ್ಯ ವಿಮಾನಗಳು ನಿಂತಿದ್ದವು. ವಂದೇ ಭಾರತ್ ವಿಮಾನಗಳಲ್ಲಿ ಜಾಗ ಸಿಕ್ಕಿದ್ದರೂ ಆಸ್ಪತ್ರೆಯ ಕೋವಿಡ್ ವಾರ್ಡು ಬಿಟ್ಟು ಬರುವಂತಿರಲಿಲ್ಲ. ಎಂಬಿಬಿಎಸ್, ಎಂಡಿ ಓದಿ ಊರೂರಿನ ತಾಯಂದಿರಿಗೆ ಮದ್ದು ಬರೆದ ನಾನು, ನನ್ನ ತಾಯಿಯ ಎಕ್ಸ್‌ರೇಯನ್ನು ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸಿ ನೋಡಿದೆ. ವಯಸ್ಸಾದವರಲ್ಲಿ ಸೊಂಟದ ಮೂಳೆ ಮುರಿತ ಎಂದರೆ ಏನೆಂದು ವೈದ್ಯರಿಗೆ ಗೊತ್ತು. ಮುರಿದದ್ದು ಒಂದು ಮೂಳೆಯಾದರೂ, ಹಾಸಿಗೆ ಹಿಡಿದರೆ ಶ್ವಾಸಕೋಶದ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಬೆನ್ನಿನ ಹುಣ್ಣು ಎಲ್ಲವೂ ಹೊಂಚುಹಾಕಿ ಕುಳಿತಿರುತ್ತವೆ. ಆ ರಾತ್ರಿಗಳನ್ನು ನಾನು ಹೇಗೆ ಕಳೆದೆನೆಂದು ಬರೆಯುವುದಿಲ್ಲ. ಅಮ್ಮ ಉಳಿದುಕೊಂಡರು ಎಂಬುದು ಮುಖ್ಯ.

ಉಳಿದುಕೊಂಡದ್ದಕ್ಕೆ ಒಂದು ಕಾರಣ, ಶಸ್ತ್ರಚಿಕಿತ್ಸೆಯ ಮರುದಿನವೇ ಅವರನ್ನು ವಾಕರ್ ಹಿಡಿಸಿ ನಿಲ್ಲಿಸಿದ ಅಲ್ಲಿನ ವೈದ್ಯರು ಮತ್ತು ದಾದಿಯರು. ಇದು ಇಂದಿನ ವೈದ್ಯಕೀಯದ ಒಪ್ಪಿತ ಕ್ರಮ. ಸರಿಪಡಿಸಿದ ಸೊಂಟವನ್ನು ಆದಷ್ಟು ಬೇಗ ದೇಹದ ಭಾರಕ್ಕೆ ಒಡ್ಡಬೇಕು. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನು ರೂಪಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದರು. ಭಾರವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಹೊರೆ ಹೊರುವ ಮೂಳೆಗಳು ತಿಂಗಳಿಗೆ ಸುಮಾರು ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಈ ಪಾಠವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನೇ ನಾನು. ಆದರೂ ತಾಯಿಯ ಮನೆಯ ನೆಲವನ್ನು ಆರಿಸುವಾಗ, ಆ ನೆಲದ ಮೇಲೆ ಯಾರ ಭಾರ, ಯಾವ ಕಾಲು, ಯಾವ ಮಳೆಗಾಲದಲ್ಲಿ ಬೀಳುತ್ತದೆ ಎಂದು ಯೋಚಿಸಲಿಲ್ಲ.

ಮುಂದಿನ ವರ್ಷ ಊರಿಗೆ ಹೋದೆ. ಮೊದಲ ಬೆಳಗ್ಗೆಯೇ ಸ್ನಾನ ಮುಗಿಸಿ ಬರುವಾಗ ಅದೇ ಓಣಿಯಲ್ಲಿ ನನ್ನ ಕಾಲೂ ಜಾರಿತು. ಗೋಡೆ ಹಿಡಿದು ಉಳಿದುಕೊಂಡೆ. ಅಮ್ಮ ಮಂಚದ ಮೇಲಿಂದ ನೋಡುತ್ತಿದ್ದರು. ‘ಅಮ್ಮಾ, ಇಷ್ಟು ಜಾರುತ್ತದೆ ಎಂದು ನೀವು ಆಗಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ. ಅವರು ಸಿಟ್ಟಿಲ್ಲದೆ ಹೇಳಿದರು: ‘ನೀನು ನೋಡಲಿಕ್ಕೆ ಹೇಗುಂಟು ಅಂತ ಕೇಳಿದೆ ಮಗಾ. ಚಂದ ಉಂಟು ಅಂದೆ. ನಡೆಯಲಿಕ್ಕೆ ಹೇಗುಂಟು ಅಂತ ಕೇಳಲಿಲ್ಲವಲ್ಲ.’

ಟೈಲ್ಸ್ ಒಳ್ಳೆಯದೇ ಇತ್ತು, ಮೇಸ್ತ್ರಿಯ ಕೆಲಸವೂ ಚೊಕ್ಕವಾಗಿತ್ತು. ಬಿಗಿದ ಜಾಗ ತಪ್ಪು. ಗಾಲಿ ನೆಲಕ್ಕೆ ತಾಗದೆಯೇ, ಭಾರ ಕೂರದೆಯೇ, ಗಾಳಿಯಲ್ಲಿ ತೂಗುತ್ತಲೇ ನಾನು ಕೊನೆಯ ಬಿಗಿತ ಕೊಟ್ಟಿದ್ದೆ.

ಕೊಲ್ಲಿ ದೇಶಗಳಲ್ಲಿರುವ ನಮ್ಮ ಬದುಕೇ ಒಂದು ಬಗೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಗಾಡಿ. ಇಲ್ಲಿ ಎಷ್ಟು ವರ್ಷವಿದ್ದರೂ ಇಕಾಮಾದ ಅವಧಿಯಷ್ಟೇ ನಮ್ಮ ನೆಲ. ಊರಿನ ವಿಷಯಗಳನ್ನೆಲ್ಲ ದೂರದಿಂದಲೇ ನಿರ್ಧರಿಸುತ್ತೇವೆ: ತೋಟ ಮಾರುವುದೋ ಗೇಣಿಗೆ ಕೊಡುವುದೋ, ಅಪ್ಪ ಅಮ್ಮನನ್ನು ಮಂಗಳೂರಿನ ಫ್ಲ್ಯಾಟಿಗೆ ಕರೆತರುವುದೋ, ಮನೆಗೆ ಯಾರನ್ನು ಕೆಲಸಕ್ಕಿಡುವುದು, ಮಗಳಿಗೆ ಯಾವ ಕಾಲೇಜು. ಫೋನಿನ ಪರದೆ ನಮಗೆ ಎಲ್ಲವನ್ನೂ ತೋರಿಸುತ್ತದೆ, ಭಾರವೊಂದನ್ನು ಬಿಟ್ಟು. ಹಣ ಕಳಿಸುವವನ ಮಾತಿಗೆ ಮನೆಯಲ್ಲಿ ಎದುರಾಡುವವರೂ ಕಡಿಮೆ. ಹಾಗಾಗಿ ನಾವು ಬಿಗಿಯುತ್ತಲೇ ಹೋಗುತ್ತೇವೆ. ಎಂಟು ತಿಂಗಳ ಮೇಲೆ ಎಲ್ಲೋ ಕಿರ್ರ್ ಎಂಬ ಸದ್ದು ಕೇಳಿಸಿದಾಗ ಊರಿನವರನ್ನು ದೂರುತ್ತೇವೆ.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಎಲ್ಲದಕ್ಕೂ ಊರಿಗೆ ಹೋಗಿ ನಿಲ್ಲಲು ಯಾರಿಗೆ ಸಾಧ್ಯ? ನನ್ನಂಥ ವೈದ್ಯನಿಗೆ ವರ್ಷಕ್ಕೊಮ್ಮೆ ರಜೆಯುಂಟು. ಸನಾಯ್ಯಾದಲ್ಲಿ ದುಡಿಯುವ ಅನೇಕರಿಗೆ ಎರಡು ವರ್ಷಕ್ಕೊಮ್ಮೆ. ತುರ್ತಾಗಿ ತೀರ್ಮಾನಿಸಲೇಬೇಕಾದ ವಿಷಯಗಳೂ ಇರುತ್ತವೆ. ದೂರದಿಂದ ಏನನ್ನೂ ಮಾಡಬೇಡಿ ಎಂದರೆ ಅದು ಉಳ್ಳವರ ಉಪದೇಶವಾದೀತು.

ಇದಕ್ಕೂ ಉತ್ತರ ಕಾಕನ ಮಾತಿನಲ್ಲೇ ಇದೆ: ಕೈ ಬಿಗಿ. ನಟ್ಟನ್ನು ಹಾಕದೆ ಬಿಡಬೇಡಿ; ಬಿದ್ದುಹೋಗದಷ್ಟು ಕೂರಿಸಿ, ಸಡಿಲಿಸಲು ಬರುವಷ್ಟು ಬಿಡಿ. ಇಡೀ ಮನೆಗೆ ಟೈಲ್ಸ್ ಹಾಕಿಸುವ ಬದಲು ಒಂದು ಕೋಣೆಗೆ ಹಾಕಿಸಿ, ಒಂದು ಮಳೆಗಾಲ ಕಾಯಿರಿ. ತೋಟ ಮಾರುವ ಮೊದಲು ಒಂದು ವರ್ಷ ಗೇಣಿಗೆ ಕೊಟ್ಟು ನೋಡಿ. ಅಪ್ಪ ಅಮ್ಮನಿಗೆ ಫ್ಲ್ಯಾಟ್ ಕೊಳ್ಳುವ ಮೊದಲು ಆರು ತಿಂಗಳು ಬಾಡಿಗೆಗೆ ಹಿಡಿಯಿರಿ, ಹಳೆಯ ಮನೆಯ ಬೀಗದ ಕೈ ಅವರ ಬಳಿಯೇ ಇರಲಿ. ಕೇಳುವಾಗ ‘ಹೇಗುಂಟು?’ ಎನ್ನಬೇಡಿ; ‘ನಡೆಯಲಿಕ್ಕೆ ಹೇಗುಂಟು? ರಾತ್ರಿ ಎದ್ದಾಗ ಹೇಗುಂಟು? ಮಳೆ ಬಂದಾಗ ಹೇಗುಂಟು?’ ಎಂದು ಕೇಳಿ. ರಜೆಯಲ್ಲಿ ಹೋದಾಗ ಮದುವೆ, ಗೃಹಪ್ರವೇಶಗಳ ನಡುವೆ ಎರಡು ದಿನವಾದರೂ ಸುಮ್ಮನೆ ಮನೆಯಲ್ಲಿದ್ದು, ಅವರು ನಡೆಯುವ ದಾರಿಯಲ್ಲೇ ಬರಿಗಾಲಿನಲ್ಲಿ ನಡೆಯಿರಿ. ಒಮ್ಮೆ ಬಿಗಿದಾಯಿತೆಂದು ಮರೆಯಬೇಡಿ. ಕೆಲವು ತಿಂಗಳ ಮೇಲೆ ಮತ್ತೆ ರೆಂಚು ಹಿಡಿದು ನೋಡಬೇಕು.

ಕಾಕ ಈ ನಿಯಮವನ್ನು ತಮ್ಮ ಬದುಕಿಗೂ ಅನ್ವಯಿಸಿಕೊಂಡಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಮುಂದಿನ ವರ್ಷ ಅವರು ‘ಫೈನಲ್ ಎಕ್ಸಿಟ್’ ಹೊಡೆಸಿಕೊಂಡು ಊರಿಗೆ ಹೋಗುತ್ತಾರೆ. ಮೂವತ್ತೊಂದು ವರ್ಷಗಳ ದುಡಿಮೆಯಲ್ಲಿ ಕಟ್ಟಿಸಿದ ಮನೆಯಿದೆ. ಅದರಲ್ಲಿ ಅವರು ಒಟ್ಟಾರೆ ವಾಸಿಸಿದ್ದು ಎರಡು ವರ್ಷವೂ ಆಗಿರಲಾರದು. ಮನೆ ಪೂರ್ತಿಯಾಯಿತೇ ಎಂದು ಕೇಳಿದೆ. ‘ಅಡುಗೆಕೋಣೆಯ ಕಟ್ಟೆ, ಕಪಾಟು ಯಾವುದೂ ಆಗಲಿಲ್ಲ ಡಾಕ್ಟ್ರೇ. ಬೇಕೆಂದೇ ಬಿಟ್ಟಿದ್ದೇನೆ. ಮನೆಯವಳು ಒಂದು ಮಳೆಗಾಲ ಅದರಲ್ಲಿ ಅಡುಗೆ ಮಾಡಲಿ. ಕಟ್ಟೆ ಎಷ್ಟು ಎತ್ತರ ಬೇಕು ಅಂತ ಅವಳ ಸೊಂಟ ಹೇಳುತ್ತದೆ, ನಾನಲ್ಲ,’ ಎಂದರು. ಮೂಳೆ ಹೊರೆಯನ್ನು ಕೇಳಿ ರೂಪುಗೊಳ್ಳುತ್ತದೆ ಎಂಬುದನ್ನು ಯಾವ ವೈದ್ಯಕೀಯ ಕಾಲೇಜೂ ಅವರಿಗೆ ಕಲಿಸಿರಲಿಲ್ಲ.

ಆ ಸಂಜೆ ನಾವು ಗಾಲಿ ಹಾಕಿ ಗಾಡಿಯನ್ನು ಇಳಿಸಿದೆವು. ಸ್ಪ್ರಿಂಗ್‌ಗಳು ಒಮ್ಮೆ ನಿಟ್ಟುಸಿರುಬಿಟ್ಟಂತೆ ತಗ್ಗಿದವು. ಕಾಕ ಮತ್ತು ಅವರ ಸಹಾಯಕ ಹುಡುಗ ಹಿಂದಿನ ಬಂಪರಿನ ಮೇಲೆ ನಿಂತು ಹತ್ತಾರು ಸಲ ಕುಲುಕಿದರು. ಆಮೇಲೆ ನೆಲಕ್ಕೆ ರಟ್ಟು ಹಾಸಿ, ನನ್ನನ್ನೇ ಕೆಳಗೆ ಮಲಗಿಸಿ, ಕೈಗೆ ಟಾರ್ಕ್ ರೆಂಚ್ ಕೊಟ್ಟರು. ಜಾಗ ಇಕ್ಕಟ್ಟು, ಮುಖದ ಮೇಲೆ ಮರಳು ಉದುರುತ್ತಿತ್ತು, ಮೊಣಕೈ ಆಡಿಸಲು ಆಗುತ್ತಿರಲಿಲ್ಲ. ಮೇಲಿದ್ದಾಗ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಭಾರ ಹೊತ್ತ ವಸ್ತುವಿನ ಕೆಳಗೆ ಹೋಗಿ ಬಿಗಿಯುವುದು ಕಷ್ಟ. ಅದಕ್ಕೇ ಜನ ಗಾಳಿಯಲ್ಲಿ ಬಿಗಿಯುತ್ತಾರೆ. ಮುಗಿದ ಮೇಲೆ ಅಳೆದರೆ ಎಡಕ್ಕೂ ಬಲಕ್ಕೂ ಅರ್ಧ ಸೆಂಟಿಮೀಟರಿನ ವ್ಯತ್ಯಾಸವೂ ಇರಲಿಲ್ಲ. ದಮ್ಮಾಮಿಗೆ ಎರಡು ಸಲ ಹೋಗಿ ಬಂದು, ಯು-ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿದೆವು. ಒಂದು ನಟ್ಟು ಕಾಲು ಸುತ್ತು ತಿರುಗಿತು, ಅಷ್ಟೇ.

ಬರುವ ಆಟಿ ತಿಂಗಳಿಗೆ ಊರಿಗೆ ಟಿಕೆಟ್ ಮಾಡಿಸಿದ್ದೇನೆ. ಮಳೆಗಾಲದಲ್ಲಿ ಯಾಕೆ ಬರುತ್ತೀಯಾ ಎಂದು ತಮ್ಮ ಕೇಳಿದ. ಮಳೆಗಾಲಕ್ಕೇ ಬರಬೇಕಾಗಿತ್ತು ಎಂದೆ. ಬಚ್ಚಲಿನ ಓಣಿಯ ಹೊಳೆಯುವ ಟೈಲ್ಸ್ ಕಿತ್ತು, ಒರಟು ಮೈಯ ಕಲ್ಲು ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸುವುದೆಂದು ಮಾತಾಗಿದೆ. ಕಲ್ಲು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ಮೂರು ಬಗೆಯ ಕಲ್ಲುಗಳನ್ನು ತಂದು ಅಂಗಳದಲ್ಲಿ ಹಾಸಿಡಲು ಮೇಸ್ತ್ರಿಗೆ ಹೇಳಿದ್ದೇನೆ. ಮಳೆ ಅವುಗಳ ಮೇಲೆ ನಾಲ್ಕು ದಿನ ಬೀಳಲಿ. ಅಮ್ಮ ಕೋಲೂರಿಕೊಂಡು, ನನ್ನ ಕೈ ಹಿಡಿದು, ಮೂರರ ಮೇಲೂ ನಡೆದು ನೋಡಲಿ. ಉಳಿದ ಕೋಣೆಗಳ ಮಾತು ಆಮೇಲೆ.